ಊರಿನ ಕೈಯಲ್ಲಿ ಪುಸ್ತಕಭಂಡಾರ

(ತಡವಳದಲ್ಲಿ ಸಂಘದ ವಾರ್ಷಿಕೋತ್ಸವದ ಪ್ರಸಂಗದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಕನ್ನಡದ ಹಿರಿಮೆಯನ್ನು ಕುರಿತು ಮಾತನಾಡುವುದು ರೂಢಿ. ಪಂಪ ರನ್ನರ ಹೆಸರೆತ್ತಿ, ಗೋದಾವರಿಯವರೆಗೆ ಹಬ್ಬಿದ್ದ ನಾಡನ್ನು ನೆನೆದು, ಸಭಿಕರ ಚಪ್ಪಾಳೆಯನ್ನು ಪಡೆದು ಕುಳಿತುಕೊಳ್ಳುವುದು ಬಹು ಸುಲಭವಾದ ಕೆಲಸ. ನಾವೂ ಹಲವು ಸಲ ಹಾಗೆ ಮಾಡಿದ್ದುಂಟು. ಈ ಸಲ ಕಾರ್ಯದರ್ಶಿಗಳು ಬಂದು ವಿಷಯವನ್ನು ನೀವೇ ಆರಿಸಿಕೊಳ್ಳಿರೆಂದಾಗ, ಹಿರಿಮೆಯ ಮಾತನ್ನು ಬದಿಗಿಟ್ಟು, ಒಂದು ಕಪಾಟಿನ ವೃತ್ತಾಂತವನ್ನು ಹೇಳುವುದೆಂದು ನಿಶ್ಚಯಿಸಿದೆವು. ಅದು ನಮಗೆ ಕೀರ್ತಿ ತರತಕ್ಕ ವೃತ್ತಾಂತವೇನೂ ಅಲ್ಲ. ಆದರೂ ಹೇಳಬೇಕಾಗಿದೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾವು ಆಗ ಈ ತಾಲೂಕಿನ ಬೇರೊಂದು ಹಳ್ಳಿಯಲ್ಲಿ ಕನ್ನಡ ಕಲಿಸುತ್ತಿದ್ದೆವು. ಗಡಿಯಾಚೆಯ ಒಂದು ಸಂಸ್ಥೆಯವರು ನಮ್ಮ ಶಾಲೆಗೆ ಪುಸ್ತಕಗಳನ್ನು ದಾನ ಮಾಡುವುದಾಗಿ ತಿಳಿಸಿದರು. ಊರೇ ಸಂಭ್ರಮಪಟ್ಟಿತು. ಹಲಗೆ ಬಾರಿಸಿ, ಹಾರ ಹಾಕಿ, ಛಾಯಾಚಿತ್ರ ತೆಗೆಸಿ, ಗೋಣಿಚೀಲಗಳನ್ನು ಇಳಿಸಿಕೊಂಡೆವು. ಅತಿಥಿಗಳು ಹೋದ ಮೇಲೆ ಚೀಲ ಬಿಚ್ಚಿ ನೋಡಿದರೆ, ಯಾವುದೋ ವಿಚಾರ ಸಂಕಿರಣದ ಪ್ರಬಂಧ ಸಂಗ್ರಹದ ನಲವತ್ತು ಪ್ರತಿಗಳು, ಒಬ್ಬ ಮಹನೀಯರ ಅಭಿನಂದನ ಗ್ರಂಥದ ಇಪ್ಪತ್ತು ಪ್ರತಿಗಳು, ಮಾರಾಟವಾಗದೆ ಉಳಿದ ಪ್ರೌಢ ವಿಮರ್ಶೆಗಳು. ಇವುಗಳ ನಡುವೆ ಮಕ್ಕಳು ಓದಬಹುದಾದ ಕತೆಯ ಪುಸ್ತಕಗಳು ಹುಡುಕಿದರೆ ಮೂವತ್ತೋ ಮೂವತ್ತೈದೋ ಸಿಕ್ಕವು. ಕೊಟ್ಟವರ ಮನಸ್ಸು ಒಳ್ಳೆಯದೇ, ಅದರಲ್ಲಿ ಸಂದೇಹವಿಲ್ಲ. ಆದರೆ ನಿಮ್ಮ ಊರಿಗೆ ಎಂಥ ಪುಸ್ತಕ ಬೇಕೆಂದು ಅವರು ಕೇಳಲಿಲ್ಲ, ನಮಗೆ ಇಂಥದು ಬೇಕೆಂದು ನಾವೂ ಹೇಳಲಿಲ್ಲ.

ಇಷ್ಟಾದರೂ ಆ ಮೂವತ್ತು ಪುಸ್ತಕಗಳು ಮಕ್ಕಳ ಕೈ ಸೇರಿದ್ದರೆ ಚೆನ್ನಾಗಿತ್ತು. ಸೇರಲಿಲ್ಲ. ನಾವು ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ದಾಖಲೆ ವಹಿಯಲ್ಲಿ ನಮ್ಮ ಸಹಿ ಇತ್ತು. ಒಂದು ಪುಸ್ತಕ ಕಳೆದರೆ ಉತ್ತರ ಹೇಳಬೇಕಾದವರು ನಾವು. ಕೀಲಿಕೈ ನಮ್ಮ ಅಂಗಿಯ ಜೇಬಿನಲ್ಲಿರುತ್ತಿತ್ತು. ಎಂಟನೆಯ ಇಯತ್ತೆಯ ಒಬ್ಬ ಹುಡುಗಿ, ಬಹು ಚುರುಕಾದವಳು, ವಾರಕ್ಕೊಮ್ಮೆಯಾದರೂ ಬಂದು, “ಸರ್ರ, ಆ ಕಪಾಟ ಯಾವಾಗ ತೆಗೀತೀರಿ?” ಎಂದು ಕೇಳುತ್ತಿದ್ದಳು. ಪರೀಕ್ಷೆ ಮುಗಿಯಲಿ ಎಂದೆವು. ಕಪಾಟಿಗೆ ಕ್ರಮಸಂಖ್ಯೆ ಹಚ್ಚುವುದಿದೆ ಎಂದೆವು. ದೀಪಾವಳಿಯ ಸೂಟಿಯ ನಂತರ ನೋಡೋಣವೆಂದೆವು. ಒಂಬತ್ತನೆಯ ಇಯತ್ತೆಯ ನಡುವೆ ಆಕೆಯ ಶಾಲೆ ಬಿಡಿಸಿದರು, ಮದುವೆಯಾಯಿತು. ಎರಡು ಮಳೆಗಾಲ ಕಳೆದು ಕಪಾಟನ್ನು ತೆರೆದಾಗ ಕೆಳಗಿನ ಎರಡು ಸಾಲುಗಳನ್ನು ಗೆದ್ದಲು ತಿಂದಿತ್ತು. ಮಕ್ಕಳ ಪುಸ್ತಕಗಳನ್ನು, ಅವು ಸಣ್ಣವೆಂದು, ಕೆಳಗಿನ ಸಾಲಿನಲ್ಲಿಯೇ ಇಟ್ಟಿದ್ದೆವು.

ಯುರೋಪಿನಲ್ಲಿ ಹಿಂದೆ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ಎಂಬ ಊರಿನ ಇಗರ್ಜಿಯಲ್ಲಿ ಅಂಥ ಸರಪಳಿಯ ಪುಸ್ತಕಗಳು ಇಂದಿಗೂ ನೋಡಲು ಸಿಗುತ್ತವೆ. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿದಾಗ, ಪುಸ್ತಕವಿರುವುದು ಉಪಯೋಗಕ್ಕೇ ಹೊರತು ರಕ್ಷಣೆಗಲ್ಲವೆಂಬ ತತ್ತ್ವವನ್ನು ಎಲ್ಲಕ್ಕಿಂತ ಮೊದಲು ಇಟ್ಟರು. ಅದನ್ನು ನಾವು ಓದಿದ್ದೆವು. ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೆವು. ಕೀಲಿಕೈ ಮಾತ್ರ ಜೇಬಿನಿಂದ ಹೊರಗೆ ಬರಲಿಲ್ಲ.

ಈಗ ನಮ್ಮ ಸೀಮೆಯ ಸ್ಥಿತಿಯನ್ನು ಸ್ವಲ್ಪ ವಿಚಾರಿಸೋಣ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಮನೆಯ ಮಾತು ಕನ್ನಡವಾಗಿರುವ ಹಳ್ಳಿಗಳು ಎಷ್ಟೋ ಇವೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯಲ್ಲಿ 1967ರಲ್ಲಿ ಸ್ಥಾಪಿತವಾದ ಪಠ್ಯಪುಸ್ತಕ ಮಂಡಳ, ಅಂದರೆ ನಾವು ‘ಬಾಲಭಾರತಿ’ ಎಂದು ಕರೆಯುವ ಸಂಸ್ಥೆ, ಎಂಟು ಭಾಷೆಗಳಲ್ಲಿ ಪುಸ್ತಕಗಳನ್ನು ಮುದ್ರಿಸುವುದು. ಅವುಗಳಲ್ಲಿ ಕನ್ನಡವೂ ಒಂದು. ಈ ಉಪಕಾರವನ್ನು ನಾವು ಮರೆಯಬಾರದು. ಆದರೆ ನಮ್ಮ ಮಗುವಿನ ಕೈಗೆ ಬರುವ ಕನ್ನಡ ಪುಸ್ತಕ ಅದೊಂದೇ. ಅದು ಪರೀಕ್ಷೆಯ ಪುಸ್ತಕ. ಪರೀಕ್ಷೆಯ ಭಯವೂ ಅದಕ್ಕೆ ಅಂಟಿಕೊಂಡಿರುತ್ತದೆ. ಹತ್ತನೆಯ ಇಯತ್ತೆ ಮುಗಿದೊಡನೆ ಆ ಪುಸ್ತಕವೂ ರದ್ದಿಗೆ ಹೋಗುವುದು. ಅನಂತರ ಹುಡುಗ ಸೊಲ್ಲಾಪುರಕ್ಕೋ ಪುಣೆಗೋ ಕೆಲಸಕ್ಕೆ ಹೋಗುತ್ತಾನೆ. ಮನೆಗೆ ಬಂದಾಗ ಕನ್ನಡದಲ್ಲಿ ಮಾತನಾಡುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಅವನ ಮುಂದೆ ಒಂದು ಕನ್ನಡ ಪತ್ರಿಕೆಯನ್ನಿಟ್ಟರೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ, ಬೆವರುತ್ತಾನೆ, ಕೆಳಗಿಡುತ್ತಾನೆ. ಅಂಥವನು ತನ್ನ ಮಗುವನ್ನು ಕನ್ನಡ ಶಾಲೆಗೆ ಏತಕ್ಕೆ ಹಾಕಬೇಕು? ಪಟಸಂಖ್ಯೆ ಕುಸಿಯಿತೆಂದು ನಾವು ಶಿಕ್ಷಕರು ಜೂನ್ ತಿಂಗಳಲ್ಲಿ ಮನೆಮನೆಗೆ ಹೋಗಿ ಕೈಮುಗಿಯುತ್ತೇವೆ. ಆ ತಂದೆಯ ಕೈಯಿಂದ ಪುಸ್ತಕ ಜಾರಿಹೋದ ಹತ್ತು ವರ್ಷಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಹಾಗಾದರೆ ಸರಕಾರ ಏನು ಮಾಡುತ್ತಿದೆ ಎಂದು ಕೇಳುವಿರಿ. ಈ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಏಕೆಂದರೆ ಇಲ್ಲಿಯ ತೊಡಕು ಬಹಳ ಜನರಿಗೆ ಗೊತ್ತಿಲ್ಲ. ಭಾರತದಲ್ಲಿ ಮೊದಲ ಗ್ರಂಥಾಲಯ ಕಾಯದೆ ಹೊರಟದ್ದು 1945ರಲ್ಲಿ, ಕೊಲ್ಹಾಪುರ ಸಂಸ್ಥಾನದಲ್ಲಿ. ಸ್ವಾತಂತ್ರ್ಯಾನಂತರ 1948ರಲ್ಲಿ ಮದ್ರಾಸ್ ಪ್ರಾಂತದವರು ಮಾಡಿದರು. ಮೈಸೂರು ರಾಜ್ಯದ ಕಾಯದೆ 1965ರದು; ಮಹಾರಾಷ್ಟ್ರದ ಕಾಯದೆ 1967ರದು. ಎರಡು ವರ್ಷಗಳ ಅಂತರದಲ್ಲಿ ಹುಟ್ಟಿದ ಈ ಎರಡು ಕಾಯದೆಗಳ ಸ್ವಭಾವ ಮಾತ್ರ ಬೇರೆ ಬೇರೆ. ಭೀಮೆಯ ಆಚೆ, ಕರ್ನಾಟಕದಲ್ಲಿ, ಜನರು ತೆರುವ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರುತ್ತದೆ. ಗ್ರಂಥಾಲಯವನ್ನು ತೆರೆಯುವುದೂ ನಡೆಸುವುದೂ ಸರಕಾರದ ಹೊಣೆ. ಅಲ್ಲಿ ಇಂದು ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2019ರಲ್ಲಿ ಅವನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿ, 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಿಂದ ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಕರೆತರುವ ಕಾರ್ಯವನ್ನು ಆರಂಭಿಸಿದರು.

ನಮ್ಮ ಮಹಾರಾಷ್ಟ್ರದಲ್ಲಿ ರೀತಿ ಬೇರೆ. ಇಲ್ಲಿ ಗ್ರಂಥಾಲಯ ಕರವಿಲ್ಲ. ಊರಿನವರು ಮೊದಲು ತಾವೇ ಒಂದು ಮಂಡಳ ಕಟ್ಟಿ, ಅದನ್ನು ನೋಂದಾಯಿಸಿ, ವಾಚನಾಲಯವನ್ನು ತೆರೆದು ನಡೆಸಬೇಕು. ಅದು ನೆಲೆಗೊಂಡಿತೆಂದು ಕಂಡಾಗ ಸರಕಾರ ಮಾನ್ಯತೆ ಕೊಟ್ಟು, ಅ, ಬ, ಕ, ಡ ಎಂಬ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಿಸಿ, ಅದಕ್ಕೆ ತಕ್ಕ ಅನುದಾನವನ್ನು ಕೊಡುವುದು. ಈ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಒಂದು ದೃಷ್ಟಿಯಿಂದ ಅದೇ ಮೇಲು. ಊರು ಕಟ್ಟಿದ್ದು ಊರಿನದಾಗಿ ಉಳಿಯುತ್ತದೆ. ಮರಾಠಿ ಮಾತಿನ ಎಷ್ಟೋ ಹಳ್ಳಿಗಳು ಇದರ ಲಾಭವನ್ನು ಚೆನ್ನಾಗಿ ಪಡೆದುಕೊಂಡಿವೆ.

ಈಗ ನಮ್ಮ ಅವಸ್ಥೆಯನ್ನು ನೋಡಿರಿ. ಕರ್ನಾಟಕದ ಗ್ರಂಥಾಲಯ ಕರ ಭೀಮೆಯನ್ನು ದಾಟಿ ಈಚೆ ಬರಲಾರದು. ಮಹಾರಾಷ್ಟ್ರದ ಅನುದಾನವೋ, ಜನರು ಮೊದಲ ಹೆಜ್ಜೆ ಇಟ್ಟಲ್ಲದೆ ಬಾರದು. ನಾವು ಆಚೆಯವರು ಕೊಟ್ಟಾರೆಂದು ಒಂದು ಕಣ್ಣು, ಈಚೆಯವರು ಕೊಟ್ಟಾರೆಂದು ಒಂದು ಕಣ್ಣು ಇಟ್ಟುಕೊಂಡು ಕುಳಿತಿದ್ದೇವೆ. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟ ತಾಲೂಕು ಮೈಸೂರು ರಾಜ್ಯಕ್ಕೆ ಸೇರತಕ್ಕುದೆಂದು ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. ಸೀಮೆಯ ವಾದ ಇಂದಿನ ನಮ್ಮ ವಿಷಯವಲ್ಲ. ಆ ತೀರ್ಮಾನ ಬರಲಿ, ಆಮೇಲೆ ವಾಚನಾಲಯ ಎಂದು ಕಾಯುತ್ತ ಕುಳಿತ ತಲೆಮಾರು ಒಂದಲ್ಲ, ಎರಡು ಆಗಿಹೋದವು ಎಂಬುದನ್ನಷ್ಟೇ ಹೇಳಬೇಕಾಗಿದೆ.

ನಮ್ಮ ಈ ಸೀಮೆಗೆ ಪುಸ್ತಕ ಹೊಸದಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ ವಚನ ಹೇಳಿದ ನೆಲವಿದು. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದದ್ದು ಸೊಲ್ಲಾಪುರದಲ್ಲಿ. ಬೇಂದ್ರೆಯವರು 1944ರಿಂದ 1956ರವರೆಗೆ ಅಲ್ಲಿಯ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಆ ಪೀಠವನ್ನೇರಿದ ಮೊದಲ ಸ್ತ್ರೀ ಅವರೇ.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ನಾಟುವ ಸಂಗತಿ ಬೇರೊಂದಿದೆ. ವಿಜಯಪುರದ ಫ. ಗು. ಹಳಕಟ್ಟಿಯವರು ವಚನಗಳ ತಾಳೆಯೋಲೆಗಳನ್ನು ಹುಡುಕುತ್ತ ಊರೂರು ಅಲೆದರು. ಓಲೆಗಳು ಸಿಕ್ಕಿದ್ದು ದೊಡ್ಡ ಗ್ರಂಥಾಲಯಗಳಲ್ಲಿ ಅಲ್ಲ. ಮನೆಗಳ ಜಗಲಿಯಲ್ಲಿ, ಪೂಜೆಯ ಗೂಡಿನಲ್ಲಿ, ಮಠದ ಮೂಲೆಯಲ್ಲಿ. ಅವನ್ನು 1923ರಲ್ಲಿ ‘ವಚನಶಾಸ್ತ್ರ ಸಾರ’ವಾಗಿ ಹೊರತಂದರು, 1925ರಲ್ಲಿ ‘ಹಿತಚಿಂತಕ’ ಎಂಬ ಮುದ್ರಣಾಲಯವನ್ನೇ ಹಾಕಿದರು. ಹಾಗೆಯೇ ಭೀಮೆಯಾಚೆ, ಇಂಡಿಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ಅದು ‘ಗರತಿಯ ಹಾಡು’ ಆಯಿತು. ಇಂದು ವಿಶ್ವವಿದ್ಯಾಲಯಗಳಲ್ಲಿ ಇವುಗಳ ಮೇಲೆ ಪ್ರಬಂಧಗಳನ್ನು ಬರೆಯುತ್ತಾರೆ. ಹಳ್ಳಿಯ ಮನೆಯಿಂದ ಓಲೆ ಹೋಯಿತು, ಹಾಡು ಹೋಯಿತು. ಪುಸ್ತಕವಾಗಿ ಹಳ್ಳಿಯ ಮನೆಗೆ ಮರಳಿ ಬಂದದ್ದು ಎಷ್ಟು? ಯಾರ ಅಜ್ಜಿ ಹಾಡಿದಳೋ ಅವಳ ಮೊಮ್ಮಗಳು ಆ ಪುಸ್ತಕವನ್ನು ಕಂಡಿರಲಾರಳು. ಇದನ್ನು ಹಳಕಟ್ಟಿಯವರ ಮೇಲಿನ ದೂರೆಂದು ತಿಳಿಯಬೇಡಿರಿ. ಅವರು ಮಾಡದಿದ್ದರೆ ಎಲ್ಲವೂ ಗೆದ್ದಲಿನ ಪಾಲಾಗುತ್ತಿತ್ತು. ಮರಳಿ ತರುವ ಕೆಲಸ ನಮ್ಮದಾಗಿತ್ತು, ಅದನ್ನು ನಾವು ಮಾಡಲಿಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟು: ಈ ಊರಿನಲ್ಲಿ, ಹಾಗೂ ನೆರೆಯ ಮೂರು ಊರುಗಳಲ್ಲಿ, ಊರವರೇ ಪುಸ್ತಕಭಂಡಾರವನ್ನು ಕಟ್ಟಬೇಕು. ನೆರವನ್ನು ಎಲ್ಲರಿಂದಲೂ ಪಡೆಯೋಣ. ಒಡೆತನವನ್ನು ಯಾರಿಗೂ ಕೊಡುವುದು ಬೇಡ.

ಇಂಥ ಕೂಡುಕೆಲಸಕ್ಕೆ ಹಳೆಯ ಮಾದರಿಗಳಿವೆ. ಬಡೋದೆಯ ಮಹಾರಾಜ ಸಯಾಜಿರಾವ ಗಾಯಕವಾಡರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕದ ಪಂಡಿತರನ್ನು ಕರೆಸಿ ಸಂಸ್ಥಾನದ ತುಂಬ ಗ್ರಂಥಾಲಯಗಳನ್ನು ಹಬ್ಬಿಸಿದರು. ಅವರಿಟ್ಟ ನಿಯಮ ವಿಚಾರಾರ್ಹವಾದುದು. ಊರಿನವರು ಒಂದು ಮೊತ್ತವನ್ನು ಕೂಡಿಸಿದರೆ ಅಷ್ಟನ್ನೇ ಪಂಚಾಯತಿ, ಅಷ್ಟನ್ನೇ ಸಂಸ್ಥಾನ ಕೊಡುವುದು. ಊರು ಒಂದು ಪಾಲು ಹಾಕಿದಲ್ಲದೆ ಉಳಿದ ಎರಡು ಪಾಲು ಬರುತ್ತಿರಲಿಲ್ಲ. ದೂರದ ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಕಳಿಸುತ್ತಿದ್ದರು. ಸಾಗಾಣಿಕೆಯ ಖರ್ಚು ಸರಕಾರದ್ದು. ಓದಿ ಮುಗಿದ ಮೇಲೆ ಪೆಟ್ಟಿಗೆ ಮರಳಿ ಹೋಗಿ ಬೇರೊಂದು ಪೆಟ್ಟಿಗೆ ಬರುವುದು. ತಮಿಳು ಸೀಮೆಯ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಬಂಡಿಯ ಮೇಲೆಯೇ ಪುಸ್ತಕಾಲಯವನ್ನು ಹೂಡಿ ಹಳ್ಳಿಹಳ್ಳಿಗೆ ಒಯ್ದರು. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ ಲೂಯಿಸ್ ಸೋರಿಯಾನೊ ಎಂಬ ಶಾಲಾ ಶಿಕ್ಷಕರು ಎರಡು ಕತ್ತೆಗಳ ಮೇಲೆ ಪುಸ್ತಕ ಹೇರಿಕೊಂಡು ಗುಡ್ಡಗಾಡಿನ ಮಕ್ಕಳಿಗೆ ಓದಿಸಿ ಲೋಕಪ್ರಸಿದ್ಧರಾದರು. ನಾವೂ ಶಿಕ್ಷಕರೇ, ಹೋಗಿಬರಲು ಎಸ್. ಟಿ. ಬಸ್ಸೂ ಇದೆ. ಕತ್ತೆ ಇಲ್ಲವೆಂಬ ನೆವವನ್ನು ಹೇಳುವಂತಿಲ್ಲ.

ಕೇರಳದ್ದು ಇನ್ನೂ ಸಮೀಪದ ಉದಾಹರಣೆ. ಪಿ. ಎನ್. ಪಣಿಕ್ಕರ್ ಎಂಬ ಶಿಕ್ಷಕರು 1945ರಲ್ಲಿ ಅಂಬಲಪ್ಪುಳದಲ್ಲಿ ನಲವತ್ತೇಳು ವಾಚನಾಲಯಗಳನ್ನು ಒಂದು ಸಂಘದಲ್ಲಿ ಕೂಡಿಸಿದರು. ಅದೇ ಬೆಳೆದು ರಾಜ್ಯಕ್ಕೆಲ್ಲ ಹಬ್ಬಿತು. 1989ರಲ್ಲಿ ಅದಕ್ಕೆ ಕಾಯದೆಯ ಆಧಾರವೂ ಬಂದಿತು. ಅಲ್ಲಿ ವಾಚನಾಲಯವನ್ನು ಊರಿನವರೇ ನಡೆಸುತ್ತಾರೆ, ಸರಕಾರ ಬೆಂಬಲಕ್ಕೆ ನಿಲ್ಲುತ್ತದೆ. ನಮ್ಮಂತೆಯೇ 1956ರಲ್ಲಿ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡಿಗರಿಗೂ ಆ ಏರ್ಪಾಡಿನಿಂದ ಕನ್ನಡ ಪುಸ್ತಕಗಳುಳ್ಳ ವಾಚನಾಲಯಗಳು ಒದಗಿವೆ. ಪರಭಾಷೆಯ ರಾಜ್ಯದ ಕಾಯದೆಯನ್ನು ನಮ್ಮ ಭಾಷೆಯ ಉಪಯೋಗಕ್ಕೆ ತಂದುಕೊಳ್ಳಲು ಬರುವುದಿಲ್ಲವೆಂದು ಯಾರೂ ಹೇಳಲಾರರು.

ನಮ್ಮ ರಾಜ್ಯದ ಸಾತಾರಾ ಜಿಲ್ಲೆಯಲ್ಲಿ, ಪಂಚಗಣಿಯ ಬಳಿ, ಭಿಲಾರ ಎಂಬ ಹಳ್ಳಿಯಿದೆ. ಸ್ಟ್ರಾಬೆರಿ ಬೆಳೆಯುವ ಊರು. 2017ರ ಮೇ ತಿಂಗಳಿನಿಂದ ಅದು ‘ಪುಸ್ತಕಗಳ ಊರು’ ಎನಿಸಿದೆ. ಆರಂಭದಲ್ಲಿಯೇ ಇಪ್ಪತ್ತೈದು ಸ್ಥಳಗಳಲ್ಲಿ ಸುಮಾರು ಹದಿನೈದು ಸಾವಿರ ಮರಾಠಿ ಪುಸ್ತಕಗಳನ್ನು ಇಟ್ಟರು. ವಿಶೇಷವೇನೆಂದರೆ ಅದಕ್ಕಾಗಿ ದೊಡ್ಡ ಕಟ್ಟಡವನ್ನು ಕಟ್ಟಲಿಲ್ಲ. ಒಬ್ಬರ ಮನೆಯ ಪಡಸಾಲೆಯಲ್ಲಿ ಕವಿತೆ, ಇನ್ನೊಬ್ಬರ ಮನೆಯಲ್ಲಿ ಚರಿತ್ರೆ, ಗುಡಿಯಲ್ಲಿ ಸಂತರ ಸಾಹಿತ್ಯ, ಹೀಗೆ ಹಂಚಿಟ್ಟರು. ಪುಸ್ತಕ, ಕಪಾಟುಗಳು ಸರಕಾರದವು. ಜಾಗವೂ ಆತಿಥ್ಯವೂ ಊರಿನವು. ನಮ್ಮಲ್ಲಿ ಕಟ್ಟಡವಿಲ್ಲವೆಂದು ಕೈಕಟ್ಟಿ ಕುಳಿತವರು ಇದನ್ನು ನೋಡಿಬರಬೇಕು. ಪುಸ್ತಕಭಂಡಾರಕ್ಕೆ ಮೊದಲು ಬೇಕಾದದ್ದು ಗೋಡೆಯಲ್ಲ, ಸಂಜೆ ತೆರೆದಿರುವ ಒಂದು ಬಾಗಿಲು.

ನಾವು ಲೆಕ್ಕ ಹಾಕಿರುವುದು ಹೀಗಿದೆ. ತಡವಳ, ಕರಜಗಿ, ನಾಗಣಸೂರ, ತೋಳನೂರ. ಈ ನಾಲ್ಕು ಊರುಗಳಿಗೆ ನಾಲ್ಕು ಪೆಟ್ಟಿಗೆ. ಒಂದೊಂದರಲ್ಲಿ ಅರವತ್ತು ಪುಸ್ತಕ. ಎರಡು ತಿಂಗಳಿಗೊಮ್ಮೆ ಪೆಟ್ಟಿಗೆ ಊರು ಬದಲಿಸುವುದು. ಎಂಟು ತಿಂಗಳಲ್ಲಿ ಪ್ರತಿಯೊಂದು ಊರೂ ಇನ್ನೂರ ನಲವತ್ತು ಪುಸ್ತಕಗಳನ್ನು ಕಂಡಂತಾಯಿತು. ಕೊಂಡದ್ದು ಅರವತ್ತರ ಪಾಲು ಮಾತ್ರ. ಒಂದೂರಿನಿಂದ ಇನ್ನೊಂದೂರಿಗೆ ದಿನವೂ ಹೋಗಿಬರುವ ಶಿಕ್ಷಕರಿದ್ದಾರೆ, ಹಾಲಿನ ಗಾಡಿಗಳಿವೆ. ಇನ್ನು ಹಣದ ಮಾತು: ನೂರು ಮನೆಗಳವರು ತಿಂಗಳಿಗೆ ಹತ್ತು ರೂಪಾಯಿ ವರ್ಗಣಿ ಕೊಟ್ಟರೆ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆಗಳ ಖರ್ಚು ಕಳೆದರೂ ಆರಿಸಿ ಕೊಂಡ ಒಳ್ಳೆಯ ಪುಸ್ತಕಗಳು ಐವತ್ತು-ಅರವತ್ತು ಬರುವವು. ಕಬ್ಬಿನ ಬಿಲ್ಲು ಬಂದಾಗ, ತೊಗರಿ ಮಾರಿದಾಗ ಒಮ್ಮೆಲೇ ಕೊಡುವೆವೆಂದರೂ ನಡೆದೀತು.

ಇಷ್ಟು ನಮ್ಮ ಕೈಯಿಂದ ಆದ ಬಳಿಕ ಹೊರಗಿನವರ ಬಾಗಿಲಿಗೆ ಹೋಗೋಣ. ಬೆಂಗಳೂರಿನ ಕನ್ನಡ ಪುಸ್ತಕ ಪ್ರಾಧಿಕಾರವಿದೆ, ಕನ್ನಡ ಸಾಹಿತ್ಯ ಪರಿಷತ್ತಿದೆ, ಧಾರವಾಡದಲ್ಲಿ 1890ರಿಂದ ದುಡಿಯುತ್ತಿರುವ ವಿದ್ಯಾವರ್ಧಕ ಸಂಘವಿದೆ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ಕಲಕತ್ತೆಯಲ್ಲಿ 1972ರಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ರಾಜ್ಯ ಸರಕಾರಗಳೊಡನೆ ಪಾಲು ಹಾಕಿ ಗ್ರಂಥಾಲಯಗಳಿಗೆ ನೆರವು ಕೊಡುವುದು. ಮಕ್ಕಳಿಗಾಗಿ ‘ಪ್ರಥಮ್ ಬುಕ್ಸ್’ ಸಂಸ್ಥೆಯವರು ಜಾಲತಾಣದಲ್ಲಿ ಇಟ್ಟಿರುವ ಕನ್ನಡ ಕತೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು, ಅದಕ್ಕೆ ಬೆಲೆಯಿಲ್ಲ. ಮೊಬೈಲು ಮಕ್ಕಳನ್ನು ಕೆಡಿಸಿತೆಂದು ಗೊಣಗುವ ಬದಲು ಅದರಿಂದ ಇಷ್ಟು ಕೆಲಸ ತೆಗೆದರೆ ನಷ್ಟವಿಲ್ಲ. ಪುಣೆ ಮುಂಬಯಿಗಳಲ್ಲಿ ದುಡಿಯುವ ನಮ್ಮೂರಿನ ಹುಡುಗರೂ ಜಾತ್ರೆಗೆ ಬರುವಾಗ ಮಿಠಾಯಿಯ ಪೊಟ್ಟಣದ ಜೊತೆ ಒಂದು ಪುಸ್ತಕ ತಂದರೆ ಬೇಡವೆನ್ನೆವು.

ಆದರೆ ಹೋಗುವಾಗ ಕೈಯಲ್ಲಿ ಯಾದಿಯಿರಬೇಕು. ನಮಗೆ ಈ ಪುಸ್ತಕ ಬೇಕು, ಇಂಥದು ಬೇಡ ಎಂದು ಮೊದಲೇ ಬರೆದು ಕೊಡೋಣ. ಬೇಡದ ಪುಸ್ತಕವನ್ನು ಕೈಮುಗಿದು ಮರಳಿಸೋಣ. ದಾನಕೊಟ್ಟವರ ಹೆಸರನ್ನು ಪುಸ್ತಕದ ಒಳಹೊದಿಕೆಯ ಮೇಲೆ ಬರೆಯೋಣ. ಬಾಗಿಲ ಮೇಲೆ ಮಾತ್ರ ಊರಿನ ಹೆಸರಿರಲಿ. ಲೆಕ್ಕವನ್ನು ವರ್ಷಕ್ಕೊಮ್ಮೆ ಜಾತ್ರೆಯ ದಿನ ಎಲ್ಲರೆದುರಿಗೆ ಓದಿ ಹೇಳತಕ್ಕುದು. ಪುಸ್ತಕಗಳನ್ನು ಆರಿಸುವ ಮಂಡಳದಲ್ಲಿ ಇಬ್ಬರು ತಾಯಂದಿರೂ ಇಬ್ಬರು ವಿದ್ಯಾರ್ಥಿಗಳೂ ಇರಲೇಬೇಕು. ಗುರುಗಳಾದ ನಮ್ಮಂಥವರು ಒಬ್ಬರು ಸಾಕು. ಹೆಚ್ಚಾದರೆ ಛಂದಸ್ಸಿನ ಪುಸ್ತಕಗಳು ಬಂದು ಬೀಳುತ್ತವೆ.

ಇನ್ನೊಂದು ಮಾತನ್ನು ಕೆಲವರು ಒಪ್ಪದಿರಬಹುದು. ಈ ಭಂಡಾರದಲ್ಲಿ ಮರಾಠಿ ಪುಸ್ತಕಗಳೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಕನ್ನಡ ಸಂಘದ ವೇದಿಕೆಯ ಮೇಲೆ ನಿಂತು ಇದೇನು ಮಾತು ಎನ್ನಬೇಡಿರಿ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಸಂತೆಯಲ್ಲಿ ಆಡುತ್ತಾರೆ. ನೌಕರಿಗೆ ಅದೇ ಬೇಕು. ನಮ್ಮ ನೆರೆಮನೆಯಲ್ಲಿ ಮರಾಠಿ ಮಾತಿನವರಿದ್ದಾರೆ. ಅವರ ಮಕ್ಕಳೂ ಇಲ್ಲಿಗೆ ಬರಬೇಕು. ಬೇಂದ್ರೆಯವರು ಮರಾಠಿಯಲ್ಲಿಯೂ ಬರೆದರು. ಅದರಿಂದ ಅವರ ಕನ್ನಡ ಬಡವಾಗಲಿಲ್ಲ. ಗ್ರಾಮಸಭೆಯಲ್ಲಿ ಕೊಠಡಿ ಕೇಳುವಾಗಲೂ, ಮುಂದೆ ಮಾನ್ಯತೆಗೆ ಅರ್ಜಿ ಹಾಕುವಾಗಲೂ, ಇದು ಊರಿನವರೆಲ್ಲರ ವಾಚನಾಲಯವೆಂದು ತಲೆಯೆತ್ತಿ ಹೇಳಲು ಬರಬೇಕು. ಸೊಲ್ಲಾಪುರದ ಹಿರಾಚಂದ ನೇಮಚಂದ ವಾಚನಾಲಯದಂಥ ಹಳೆಯ ಸಂಸ್ಥೆಗಳಿಗೆ ಹೋಗಿ, ದಾಖಲೆ ಹೇಗೆ ಇಡುತ್ತೀರಿ, ಅರ್ಜಿ ಹೇಗೆ ಬರೆಯುತ್ತೀರಿ ಎಂದು ಕೇಳಿದರೆ ಕಲಿಯುವುದು ಬಹಳವಿದೆ. ಒಂದು ಕಟ್ಟು ಮಾತ್ರ ಇರಲಿ: ಕನ್ನಡ ಪುಸ್ತಕಗಳ ಪಾಲು ಅರ್ಧಕ್ಕಿಂತ ಕಡಿಮೆಯಾಗಕೂಡದು. ಏಕೆಂದರೆ ಮರಾಠಿ ಪುಸ್ತಕ ಅಕ್ಕಲಕೋಟದಲ್ಲಿಯೂ ಸಿಕ್ಕೀತು. ಕನ್ನಡ ಪುಸ್ತಕ ಇಲ್ಲಿ ಸಿಗದಿದ್ದರೆ ನಮ್ಮ ಮಗುವಿಗೆ ಬೇರೆಲ್ಲಿಯೂ ಸಿಗದು.

ಓದು ಬಾರದವರ ಗತಿಯೇನು? ಈ ಪ್ರಶ್ನೆಯನ್ನು ನಮಗೆ ಕೇಳಿದವರು ಒಬ್ಬ ಅಜ್ಜಿ. ವರ್ಗಣಿಯ ಮಾತನ್ನೆತ್ತಿಕೊಂಡು ಅವರ ಮನೆಗೆ ಹೋದಾಗ, “ಮಾಸ್ತರ, ನಮಗ ಓದಾಕ ಬರಂಗಿಲ್ಲ. ನಿಮ್ಮ ಪುಸ್ತಕ ನಮಗ್ಯಾಕ?” ಎಂದರು. ನಾವು ಉತ್ತರ ಕಾಣದೆ ನಿಂತೆವು. ಆಮೇಲೆ ಚಹಾ ಕೊಟ್ಟು, ಮಾತಿಗೆ ಮಾತು ಬಂದು, ತಮ್ಮ ತವರಿನಲ್ಲಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಹೇಳತೊಡಗಿದರು. ಒಂದು ತಾಸು ಹೇಳಿದರು. ನಾವು ವಿದ್ವತ್ ಪರೀಕ್ಷೆಗೆ ಎಷ್ಟೋ ಕಾವ್ಯಗಳನ್ನು ಬಾಯಿಪಾಠ ಮಾಡಿದವರು. ಆ ಪದಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಅವರ ಮನೆಯ ಸೊಸೆಯೂ ಕೇಳಿರಲಿಲ್ಲ.

ಆಸ್ಟ್ರೇಲಿಯ ಖಂಡದ ಉತ್ತರ ಪ್ರಾಂತದಲ್ಲಿ, ನೂರಾರು ಮೈಲು ದೂರದ ಮೂಲನಿವಾಸಿಗಳ ಹಳ್ಳಿಗಳಲ್ಲಿ, ವಾಚನಾಲಯಗಳನ್ನು ಬೇರೊಂದು ರೀತಿಯಿಂದ ಕಟ್ಟಿದ್ದಾರೆ. ಹೊರಗಿನ ಪುಸ್ತಕಗಳನ್ನಷ್ಟೇ ಅಲ್ಲಿ ಇಡುವುದಿಲ್ಲ. ಆ ಜನರ ಹಳೆಯ ಛಾಯಾಚಿತ್ರಗಳು, ಹಾಡುಗಳು, ಹಿರಿಯರು ಹೇಳಿದ ಕತೆಗಳನ್ನು ಸಂಗ್ರಹಿಸಿಡುತ್ತಾರೆ. ಈ ಕಾರ್ಯಕ್ಕೆ 2007ರಲ್ಲಿ ಗೇಟ್ಸ್ ಪ್ರತಿಷ್ಠಾನದ ಅಂತಾರಾಷ್ಟ್ರೀಯ ಪ್ರಶಸ್ತಿಯೂ ಬಂದಿತು. ಓದು ಬಾರದ ಮುದುಕರೂ ಅಲ್ಲಿಗೆ ಬಂದು ಕೂಡುತ್ತಾರೆ. ಏಕೆಂದರೆ ಅಲ್ಲಿರುವುದರಲ್ಲಿ ಅವರದೂ ಪಾಲಿದೆ. ನಮ್ಮ ಭಂಡಾರದಲ್ಲಿ ಒಂದು ಕಪಾಟು ಹೀಗಿರಲಿ. ಬೀಸುವ ಪದ, ಸೋಬಾನೆ, ಡೊಳ್ಳಿನ ಹಾಡು, ಹೊಲಗಳ ಹೆಸರು, ಜೋಳದ ಹಳೆಯ ತಳಿಗಳ ಹೆಸರು, ಭೀಮೆಯ ನೆರೆಯ ನೆನಪು. ಇವನ್ನು ಹೈಸ್ಕೂಲಿನ ಮಕ್ಕಳು ಕೇಳಿ ಬರೆದು ವಹಿ ಕಟ್ಟಲಿ. ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಲಿ. ಹೇಳಿದವರ ಹೆಸರನ್ನು ಹಾಳೆಯ ಮೇಲ್ತುದಿಗೆ ಬರೆಯಲಿ. ಆ ಅಜ್ಜಿಗೆ ನಾವು ಕೊಡಬಹುದಾದ ಉತ್ತರ ಇದೇ ಎಂದು ತೋರುತ್ತದೆ. ಅವರು ಈಗ ತಿಂಗಳಿಗೆ ಹತ್ತು ರೂಪಾಯಿ ಕೊಡಲು ಒಪ್ಪಿದ್ದಾರೆ. ಒಂದು ಕರಾರಿನ ಮೇಲೆ. ತಮ್ಮ ಪದಗಳನ್ನು ಬರೆದುಕೊಂಡ ವಹಿಯನ್ನು ಮೊಮ್ಮಗಳು ತಮ್ಮೆದುರಿಗೆ ಓದಿ ತೋರಿಸಬೇಕು.

ಕೀಲಿಕೈಯ ವಿಷಯ ಉಳಿದಿದೆ. ಕಳೆದ ವರ್ಷ ಜಾತ್ರೆಯಲ್ಲಿ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೂಸು, ಕೈಯಲ್ಲಿ ಆರೇಳು ವರ್ಷದ ಹುಡುಗಿಯನ್ನು ಹಿಡಿದುಕೊಂಡು ಬಂದು ನಮಸ್ಕರಿಸಿದಳು. ಗುರುತು ಹತ್ತಲಿಲ್ಲ. ಹೆಸರು ಹೇಳಿದಾಗ ನೆನಪಾಯಿತು. ಯೋಗಕ್ಷೇಮದ ಮಾತಾದ ಮೇಲೆ ಆಕೆ ನಗುತ್ತ, “ಸರ್ರ, ಆ ಕಪಾಟ ತೆಗದ್ರೇನ್ರಿ?” ಎಂದಳು. ಆಕೆ ನಮ್ಮನ್ನು ಚುಚ್ಚಬೇಕೆಂದು ಕೇಳಲಿಲ್ಲ. ಹಳೆಯ ಶಾಲೆಯ ನೆನಪಿನಿಂದ, ಸಹಜವಾಗಿ ಕೇಳಿದಳು. ಗೆದ್ದಲಿನ ಸಂಗತಿಯನ್ನು ಹೇಳಲು ನಮಗೆ ಬಾಯಿ ಬರಲಿಲ್ಲ. ಮಗಳನ್ನು ಯಾವ ಶಾಲೆಗೆ ಹಾಕಿದ್ದೀಯೆಂದು ಕೇಳಿದೆವು. ಇನ್ನೂ ಗೊತ್ತುಮಾಡಿಲ್ಲ, ಮನೆಯಲ್ಲಿ ವಿಚಾರ ನಡೆದಿದೆ ಎಂದಳು. ಆಕೆಯನ್ನು ಕೊಟ್ಟದ್ದು ಇದೇ ಊರಿಗೆ. ಈ ಸಭೆಯಲ್ಲಿ ಇಂದು ಕುಳಿತಿದ್ದರೂ ಇರಬಹುದು.

ಅದಕ್ಕಾಗಿ ಒಂದು ನಿಯಮವನ್ನು ಸಂಘದವರಲ್ಲಿ ಬೇಡಿಕೊಂಡಿದ್ದೇವೆ, ಅವರು ಒಪ್ಪಿದ್ದಾರೆ. ಪೆಟ್ಟಿಗೆಯ ಕೀಲಿಕೈ ಶಿಕ್ಷಕರ ಬಳಿಯಾಗಲಿ, ಪದಾಧಿಕಾರಿಗಳ ಬಳಿಯಾಗಲಿ ಇರತಕ್ಕದ್ದಲ್ಲ. ವಾರಕ್ಕೊಬ್ಬ ವಿದ್ಯಾರ್ಥಿಯ ಮನೆಯಲ್ಲಿರಬೇಕು. ಸಂಜೆ ಐದರಿಂದ ಏಳರವರೆಗೆ ಅವನೋ ಅವಳೋ ಬಾಗಿಲನ್ನು ತೆರೆಯಬೇಕು. ಪುಸ್ತಕ ಹರಿದರೆ ಅಂಟಿಸೋಣ. ಕಳೆದರೆ ಮತ್ತೊಂದು ತರೋಣ. ವರ್ಷಕ್ಕೆ ಹತ್ತು ಪುಸ್ತಕ ಕಳೆಯುವವೆಂದು ಮೊದಲೇ ಲೆಕ್ಕದಲ್ಲಿ ಬರೆದಿಟ್ಟಿದ್ದೇವೆ.

ಮೊದಲ ಪೆಟ್ಟಿಗೆಯನ್ನು ಊರಿನ ಬಡಿಗರು ಮಾಡಿಕೊಟ್ಟಿದ್ದಾರೆ. ಕೂಲಿ ತೆಗೆದುಕೊಳ್ಳಲಿಲ್ಲ, ಕಟ್ಟಿಗೆಯ ಹಣವಷ್ಟೇ ಪಡೆದರು. ಬೇವಿನ ಹಲಗೆ, ಗೆದ್ದಲು ಬೇಗನೆ ಹತ್ತದೆಂದು ಅವರೇ ಆರಿಸಿದರು. ಅದರಲ್ಲಿ ಈಗ ಇಪ್ಪತ್ತಮೂರು ಪುಸ್ತಕಗಳಿವೆ, ಎಲ್ಲವೂ ಮಕ್ಕಳವು. ಮೂವತ್ತೇಳು ಬರಬೇಕಾಗಿವೆ. ಹೆಸರು ಬರೆಯಿಸುವ ವಹಿಯನ್ನು ವೇದಿಕೆಯ ಎಡಗಡೆಯ ಮೇಜಿನ ಮೇಲೆ ಇಟ್ಟಿದೆ. ನಾಟಕ ಆರಂಭವಾಗಲು ಇನ್ನೂ ಅರ್ಧ ತಾಸು ಅವಕಾಶವಿರುವುದರಿಂದ, ದಯಮಾಡಿ ಅಷ್ಟರಲ್ಲಿ ಬಂದು ಹೆಸರುಗಳನ್ನು ಬರೆಯಿಸಬೇಕೆಂದು ವಿನಂತಿ. ಮೊದಲ ವಾರದ ಕೀಲಿಕೈಯನ್ನು ಯಾರ ಮನೆಗೆ ಕೊಡುವುದೆಂಬುದನ್ನು ಮಕ್ಕಳೇ ಚೀಟಿ ಎತ್ತಿ ನಿಶ್ಚಯಿಸುವರು.